ಎರಡು ಜಡೆಯ ನೀಲಿ ಬೋರ್ಡು

ಡ್ರಾಯಿಂಗ್ ಸರ್ ಅವರ ಬಲಗಿವಿಯ ಹಿಂದೆ ಒಂದು ಕುಂಚ, ಎಡಗಿವಿಯ ಹಿಂದೆ ಅರ್ಧ ಸೇದಿ ಆರಿಸಿದ ಬೀಡಿ. ಹಣೆಯ ತುಂಬ ವಿಭೂತಿ. ಈ ಮೂರೂ ಇಲ್ಲದ ಅವರ ಮುಖವನ್ನು ಶಾಲೆಯಲ್ಲಿ ನಾನು ಒಂದು ದಿನವೂ ನೋಡಲಿಲ್ಲ. ಕೆಲಸದ ಗುಂಗಿನಲ್ಲಿ ಕೆಲವೊಮ್ಮೆ ಎಡಬಲ ಅದಲುಬದಲಾಗುತ್ತಿತ್ತು. ಬೀಡಿಯನ್ನು ಬಣ್ಣದ ಡಬ್ಬಿಗೆ ಅದ್ದಿ, ಕುಂಚವನ್ನು ಬಾಯಿಗಿಟ್ಟು, ನೀಲಿ ತುಟಿ ಮಾಡಿಕೊಂಡು ಇಡೀ ಪಿರಿಯಡ್ ಪಾಠ ಹೇಳಿದ್ದೂ ಉಂಟು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರೆ, ಯಾಕೆ ಎಂದು ತಿಳಿಯದೆಯೇ, 'ನಗ್ರಿ, ನಗ್ರಿ, ನಗಾಕ ರೊಕ್ಕ ಬೀಳೂದಿಲ್ಲ' ಎಂದು ತಾವೂ ನಗುತ್ತಿದ್ದರು.

ಅವರು ಬೆಳಗಾವಿಯ ಶಹಾಪುರದವರು. ದಿನಾ ಮುಂಜಾನೆ ಪ್ಯಾಸೆಂಜರ್ ಗಾಡಿ ಹಿಡಿದು ಖಾನಾಪುರಕ್ಕೆ ಬರುತ್ತಿದ್ದರು. ಗಾಡಿ ತಡವಾದರೆ ರೈಲ್ವೆಯವರನ್ನು ಬಿಟ್ಟು ನಮ್ಮನ್ನು ಬೈಯುತ್ತಿದ್ದರು. ಅರ್ಧ ಕ್ಲಾಸಿಗೆ ಮರಾಠಿ, ಇನ್ನರ್ಧಕ್ಕೆ ಕನ್ನಡ. ಬೈಗುಳ ಮಾತ್ರ ಎರಡೂ ಕೂಡಿಸಿ, ಯಾರಿಗೂ ಕಮ್ಮಿ ಆಯಿತು ಅನ್ನಿಸದ ಹಾಗೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದರಲ್ಲೂ ಬಿಳಿ ಹಾಳೆ ಮುಂದಿಟ್ಟುಕೊಂಡು ಪೆನ್ಸಿಲ್ ಕಚ್ಚುತ್ತ ಕೂತವರನ್ನು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. 'ಏ, ಮೊದಲ ಗೆರಿ ಎಳಿ, ಆಮ್ಯಾಲ ಹೆದರು!' ಎಂದು ಮೇಜು ಕುಟ್ಟುತ್ತಿದ್ದರು. ಈ ಮಾತು ಚಿತ್ರ ಬಿಡಿಸುವುದಕ್ಕೆ ಮಾತ್ರ ಎಂದು ನಾವು ಬಹಳ ದಿನ ತಿಳಿದುಕೊಂಡಿದ್ದೆವು.

ನನ್ನದು ಪಾರಿಶ್ವಾಡ. ನಡೆಯಲು ಕಲಿಯುವ ವಯಸ್ಸಿನಲ್ಲೇ ಪೋಲಿಯೋ ಬಂದು ಎರಡೂ ಕಾಲು ಹೋದವು. ಹೈಸ್ಕೂಲಿಗೆಂದು ನನ್ನನ್ನು ಖಾನಾಪುರದ ಅಜ್ಜಿಯ ಮನೆಯಲ್ಲಿ ಬಿಟ್ಟರು. ಶಾಲೆ ಆ ಮನೆಯಿಂದ ಕೂಗಳತೆಯ ದೂರ. ಯಾವುದೋ ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿ ಇತ್ತು. ರಸ್ತೆಯ ಮೇಲೆ ನಾನೇ ಗಾಲಿ ತಿರುಗಿಸಿಕೊಂಡು ಶಾಲೆಯ ಅಂಗಳದವರೆಗೂ ಹೋಗುತ್ತಿದ್ದೆ. ಅಲ್ಲಿಗೆ ನನ್ನ ರಾಜ್ಯ ಮುಗಿಯಿತು. ಖಾನಾಪುರದ ಮಳೆಗೆ ಹೆದರಿ ಕಟ್ಟಿದ ಶಾಲೆ ಅದು, ಪಾಯ ಆಳೆತ್ತರ. ಮುಂದೆ ಕಡಿದಾದ ಕಲ್ಲಿನ ಮೆಟ್ಟಿಲು. ಅಲ್ಲಿಂದ ಮೇಲೆ ನನ್ನನ್ನು ಅವ್ವನ ತಮ್ಮ, ಅಂದರೆ ನನ್ನ ಮಾಮಾ, ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸುತ್ತಿದ್ದ. ಅವನು ಟೆಂಪೊ ಓಡಿಸುತ್ತಿದ್ದವನು. ಮುಂಜಾನೆಯ ಬಾಡಿಗೆ ಬಿಟ್ಟು ನನಗಾಗಿ ನಿಲ್ಲುತ್ತಿದ್ದ, ಸಂಜೆ ಮತ್ತೆ ಬಂದು ಇಳಿಸುತ್ತಿದ್ದ.

ಎತ್ತಿಸಿಕೊಳ್ಳುವುದು ಎಂದರೆ ಏನು ಎಂದು ಎತ್ತಿಸಿಕೊಂಡವರಿಗೇ ಗೊತ್ತು. ಲಂಗ ಎಲ್ಲಿ ಸರಿಯಿತೋ, ಯಾರು ನೋಡಿದರೋ, ಎತ್ತಿದವರ ಉಸಿರು ಎಷ್ಟು ಹತ್ತಿತೋ, ಎಲ್ಲ ಲೆಕ್ಕವೂ ನಮ್ಮ ತಲೆಯ ಮೇಲೆ. ಕೂರಿಸಿದಲ್ಲೇ ಸಂಜೆಯವರೆಗೂ ಕೂರಬೇಕು. ಪಾಯಖಾನೆ ಹಿತ್ತಲಿನಲ್ಲಿ, ಮತ್ತೆ ಆ ಮೆಟ್ಟಿಲುಗಳನ್ನು ಇಳಿದೇ ಹೋಗಬೇಕು. ಹಾಗಾಗಿ ನಾನು ಮುಂಜಾನೆ ನೀರು ಕುಡಿಯುತ್ತಿರಲಿಲ್ಲ. ಚಹಾ ಕೂಡ ಇಲ್ಲ. ಗೆಳತಿಯರು ನೀರಿನ ಬಾಟಲಿ ಎತ್ತಿ ಗಟಗಟ ಕುಡಿಯುವಾಗ ನಾನು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ.

ಒಂಬತ್ತನೆಯ ಕ್ಲಾಸಿನಲ್ಲಿ ನಾನು ದೊಡ್ಡವಳಾದೆ. ನಮ್ಮ ಕಡೆ ಸೋದರಮಾವನಿಗೆ ಹುಡುಗಿಯನ್ನು ಕೊಡುವುದು ಹೊಸತೇನಲ್ಲ. ಅಂಥದ್ದರಲ್ಲಿ ಮದುವೆಯಾಗದ ಮಾಮಾ ದೊಡ್ಡವಳಾದ ಸೊಸೆಯನ್ನು ದಿನಾ ಊರ ಮುಂದೆ ಎತ್ತಿಕೊಂಡು ಹೋದರೆ ಹುಡುಗರು ಸುಮ್ಮನಿರುತ್ತಾರೆಯೇ? 'ಮಾಮಾ ನವರಿನ್ನ ಹೊತ್ಕೊಂಡ ಬಂದಾ' ಎಂದು ಹಿಂದಿನ ಬೆಂಚಿನಿಂದ ಕೂಗುತ್ತಿದ್ದರು. ನವರಿ ಎಂದರೆ ಮದುಮಗಳು. ಮಾಮಾನ ಕಿವಿ ಕೆಂಪಾಗುತ್ತಿತ್ತು. ಅದೇ ಹೊತ್ತಿಗೆ ಅವನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿತ್ತು. ಆ ಕಡೆಯವರ ಕಿವಿಗೂ ಈ ಮಾತು ಬಿದ್ದು, ಬೀಗರು ಅಡ್ಡಮಾತು ಆಡಿದರಂತೆ. ಅವ್ವ ಪಾರಿಶ್ವಾಡದಿಂದ ಬಸ್ಸು ಹತ್ತಿ ಬಂದವಳೇ ಹೇಳಿದಳು.

'ದೀಪಾವಳಿ ಸೂಟಿಗೆ ಊರಿಗೆ ಬಂದುಬಿಡು. ಓದಿದ್ದು ಸಾಕು. ಇಷ್ಟ ದೊಡ್ಡ ಹುಡುಗೀನ ಹೊತ್ಕೊಂಡು ಹೋಗೂದು ಬರೋಬರಿ ಕಾಣಂಗಿಲ್ಲ. ಅವನ ಸಂಸಾರನೂ ಹಾಳಾಗಬಾರದು.'

ಅವ್ವ ಕೆಟ್ಟವಳಲ್ಲ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಅಷ್ಟೇ. ಅವಳು ಹೇಳಿದ್ದರಲ್ಲಿ ಸುಳ್ಳು ಏನಿತ್ತು?

ಆ ವಾರ ಡ್ರಾಯಿಂಗ್ ಸರ್ 'ನಮ್ಮ ಶಾಲೆ' ಎಂಬ ಚಿತ್ರ ಬರೆಯಲು ಹೇಳಿದರು. ಎಲ್ಲರೂ ಧ್ವಜ, ಗಂಟೆ, ಕೆಂಪು ಹಂಚು ಬರೆದರು. ನಾನು ಮೆಟ್ಟಿಲು ಬರೆದೆ. ಹಾಳೆ ಮುಗಿಯುವವರೆಗೂ ಮೆಟ್ಟಿಲೇ, ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಶಾಲೆ. ಸರ್ ಹಾಳೆ ಎತ್ತಿ ನೋಡಿ, 'ಇದೇನ? ಸಾಲಿ ಎಲ್ಲಿ ಹೋತು?' ಎಂದರು. ನನಗೆ ಅಳು ಬಂತು. ದೀಪಾವಳಿ ಸೂಟಿಯ ವಿಷಯ, ಮಾಮಾನ ಹೆಣ್ಣಿನ ವಿಷಯ, ಅವ್ವನ ಮಾತು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಕಿವಿಯ ಹಿಂದಿನ ಬೀಡಿ ತೆಗೆದರು, ನೋಡಿದರು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡು ಹೊರಟುಹೋದರು. ಸಮಾಧಾನದ ಒಂದು ಮಾತೂ ಇಲ್ಲ. ನನಗೆ ಬಹಳ ಸಿಟ್ಟು ಬಂತು.

ಅವರ ತಾಯಿ ಆಗ ಸೊಂಟದ ಎಲುಬು ಮುರಿದುಕೊಂಡು ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಬಾಗಿಲ ಬಾಜು ಒಂದು ನೀಲಿ ಬೋರ್ಡನ್ನು ಸರ್ ನೋಡಿದ್ದರು. ಗಾಲಿಕುರ್ಚಿಯ ಮೇಲೆ ಕೂತ ಬಿಳಿಯ ಮನುಷ್ಯ, ಕೆಳಗೊಂದು ಬಾಣ. ಇಂಥವರು ಇಲ್ಲಿಂದ ಒಳಗೆ ಬರಬಹುದು ಎಂದು ಅದರ ಅರ್ಥ. ಈಗ ಬ್ಯಾಂಕು, ರೈಲು, ಬಸ್‌ಸ್ಟ್ಯಾಂಡು ಎಲ್ಲೆಲ್ಲೂ ಇರುವ ಆ ಚಿತ್ರವನ್ನು ಆಗ ಖಾನಾಪುರದಲ್ಲಿ ನಾವ್ಯಾರೂ ಕಂಡಿರಲಿಲ್ಲ. ಸರ್ ಅದನ್ನು ರೈಲಿನ ಟಿಕೆಟ್ಟಿನ ಹಿಂದೆ ಗೀಚಿಕೊಂಡು ಬಂದಿದ್ದರು.

ಶಾಲೆಗೆ ಇನ್ಸ್‌ಪೆಕ್ಷನ್ ಹತ್ತಿರ ಬಂದಿತ್ತು. ಸಾಹೇಬರು ಬರುತ್ತಾರೆಂದರೆ ಗೋಡೆಗಳಿಗೆಲ್ಲ ಬಣ್ಣ ಹಚ್ಚಿ ನೀತಿವಾಕ್ಯ ಬರೆಯುವ ಕೆಲಸ ಸರ್ ಅವರದ್ದೇ. ಒಂದು ಸೋಮವಾರ ಮಾಮಾ ನನ್ನನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ಬಂದಾಗ ಹುಡುಗರ ಹಿಂಡೇ ಅಲ್ಲಿ ನಿಂತಿತ್ತು. ಗೋಡೆಯ ಮೇಲೆ ನೀಲಿ ಚೌಕ, ಅದರಲ್ಲಿ ಗಾಲಿಕುರ್ಚಿ, ಕೆಳಗೊಂದು ಬಾಣ. ಕುರ್ಚಿಯಲ್ಲಿ ಕೂತಿದ್ದ ಹುಡುಗಿಗೆ ಎರಡು ಜಡೆ, ಜಡೆಗೆ ಕೆಂಪು ರಿಬ್ಬನ್. ಎರಡು ಜಡೆ ಹಾಕಿಕೊಂಡು ಗಾಲಿಕುರ್ಚಿಯಲ್ಲಿ ಬರುವವಳು ಇಡೀ ಊರಿಗೆ ನಾನೊಬ್ಬಳೇ. ಹುಡುಗರು ಒಮ್ಮೆ ಗೋಡೆ, ಒಮ್ಮೆ ನನ್ನನ್ನು ನೋಡಿ ನೋಡಿ ನಕ್ಕರು.

ನಾನು ನೇರ ಡ್ರಾಯಿಂಗ್ ಸರ್ ಅವರನ್ನು ಕರೆಸಿದೆ. ಮಾಮಾನ ತೋಳಿನ ಮೇಲಿಂದಲೇ ಜಗಳಕ್ಕೆ ನಿಂತೆ. ಜಗಳಕ್ಕೆ ಕಾಲು ಬೇಕಾಗಿಲ್ಲವಲ್ಲ.

'ಸರ್, ಅದನ್ನ ಅಳಸ್ರಿ.'

'ಯಾಕ? ಚಲೋ ಬಂದೈತಲ್ಲ? ರಿಬ್ಬನ್ ನೋಡು, ಹೆಂಗ ಎದ್ದ ಕಾಣತೈತಿ.'

'ನನ್ನ ಯಾಕ್ರಿ ಗ್ವಾಡಿ ಮ್ಯಾಲ ಕುಂದರ್ಸೀರಿ? ಮೊದಲ ಎಲ್ಲಾರೂ ನನ್ನ ನೋಡ್ತಾರ. ಇನ್ನ ನಾ ಮನಿಗೆ ಹೋದ ಮ್ಯಾಲೂ ನೋಡಬೇಕಾ?'

ಅವರ ಮುಖ ಸಣ್ಣದಾಯಿತು. ತಮ್ಮ ಚಿತ್ರಕ್ಕೆ ಯಾರಾದರೂ ಹೆಸರಿಟ್ಟರೆ ಅವರು ಮೂರು ದಿನ ಮಾತು ಬಿಡುವವರು. ಅವತ್ತೂ ಬೆನ್ನು ತಿರುಗಿಸಿ ಹೋದರು. ಆದರೆ ಮಧ್ಯಾಹ್ನ ಊಟದ ಸೂಟಿಯಲ್ಲಿ ಟರ್ಪಂಟೈನ್ ವಾಸನೆ ಕ್ಲಾಸಿನವರೆಗೂ ಬಂತು. ಸಂಜೆ ನೋಡಿದರೆ ಜಡೆ ಇಲ್ಲ, ರಿಬ್ಬನ್ ಇಲ್ಲ, ಮುಖವೂ ಇಲ್ಲ. ಆಸ್ಪತ್ರೆಯಲ್ಲಿದ್ದ ಹಾಗೆ, ದುಂಡು ತಲೆಯ ಬಿಳಿ ಮನುಷ್ಯ ಮಾತ್ರ. ಸರ್ ಬಾಜುವಿನಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

'ನೀ ಹೇಳಿದ್ದು ಖರೇ ಐತಿ' ಎಂದರು. 'ಮಾರಿ ಬರದ್ರ ಅದು ಒಬ್ಬರ ಕುರ್ಚಿ ಆಗತೈತಿ. ಹಿಂಗ ಬಿಟ್ರ ಯಾರು ಬೇಕಾದವರು ಬಂದು ಕುಂದರಬಹುದು. ನಾಳೆ ನಾನೂ ಕುಂದರಬಹುದು.'

ನನಗೆ ಎಷ್ಟು ಹಗುರಾಯಿತೆಂದರೆ, ಆ ಬೋರ್ಡಿನ ಬಾಣ ಎಲ್ಲಿಗೆ ತೋರಿಸುತ್ತಿದೆ ಎಂದು ಆಗಲೂ ನೋಡಲಿಲ್ಲ. ನೋಡಿದವರು ಹೆಡ್‌ಮಾಸ್ತರರು. ಬಾಣ ವರಾಂಡದ ಕೊನೆಗೆ ತೋರಿಸುತ್ತಿತ್ತು. ಅಲ್ಲಿ ಇದ್ದದ್ದು ಕಂಪೌಂಡಿಗೆಂದು ತಂದು ಒಟ್ಟಿದ್ದ ಕೆಂಪು ಕಲ್ಲಿನ ರಾಶಿ, ಮೇಲೊಂದು ಮಲಗಿದ ನಾಯಿ.

'ಮಾಸ್ತರ, ಇಳಿಜಾರು ಎಲ್ಲೈತ್ರಿ?' ಎಂದು ಹೆಡ್‌ಮಾಸ್ತರರು ಕೂಗಾಡಿದ್ದು ನಮ್ಮ ಕ್ಲಾಸಿಗೂ ಕೇಳಿತು.

'ಬೋರ್ಡ್ ಬರಿಯೂದು ನನ್ನ ಕೆಲಸ, ಬರದೀನ್ರಿ. ಇಳಿಜಾರು ಕಟ್ಟಸೂದು ನಿಮ್ಮ ಕೆಲಸ.'

'ನಾಡಿದ್ದ ಇನ್ಸ್‌ಪೆಕ್ಷನ್ ಐತ್ರಿ! ಅಳಸ್ರಿ ಅದನ್ನ!'

'ಟರ್ಪಂಟೈನ್ ಖಾಲಿ ಆತ್ರಿ ಸರ್. ಒಮ್ಮೆ ಅಳಸಿದ್ದಕ್ಕ ಮುಗಿದು ಹೋತು.'

ಸುಣ್ಣ ಬಳಿದರೂ ಮುಚ್ಚುತ್ತಿತ್ತು. ಹೆಡ್‌ಮಾಸ್ತರರಿಗೆ ಅದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ, ಅಥವಾ ಹೊಳೆದೂ ಬಿಟ್ಟರೋ ಏನೋ. ಅವರೂ ಮನುಷ್ಯರೇ.

ಸಾಹೇಬರು ಬಂದರು. ಹಾರ, ನಮಸ್ಕಾರ, ಲೆಜಿಮ್ ಕುಣಿತ ಎಲ್ಲ ಆಯಿತು. ಹೊರಡುವ ಹೊತ್ತಿಗೆ ನೀಲಿ ಬೋರ್ಡು ಕಣ್ಣಿಗೆ ಬಿತ್ತು. 'ಅರೇ, ಭೇಷ್! ತಾಲ್ಲೂಕಿನ್ಯಾಗ ಇದನ್ನ ನಾ ಎಲ್ಲೂ ನೋಡಿದ್ದಿಲ್ಲ' ಎಂದು ಬಾಣ ಹಿಡಿದು ನಡೆದೇಬಿಟ್ಟರು. ಹಿಂದೆ ಹೆಡ್‌ಮಾಸ್ತರರು, ಅವರ ಹಿಂದೆ ಎಲ್ಲ ಮಾಸ್ತರರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೆಂಪು ಕಲ್ಲಿನ ರಾಶಿಯ ಮುಂದೆ ಮೆರವಣಿಗೆ ನಿಂತಿತು. ನಾಯಿ ಎದ್ದು ಮೈ ಮುರಿಯಿತು. ಹೆಡ್‌ಮಾಸ್ತರರು ಒಮ್ಮೆ ಡ್ರಾಯಿಂಗ್ ಸರ್ ಮುಖ ನೋಡಿದರು, ಒಮ್ಮೆ ಕಲ್ಲಿನ ಮುಖ ನೋಡಿದರು.

'ಕಲ್ಲು ಬಂದಾವ್ರಿ ಸಾಹೇಬ್ರ. ದೀಪಾವಳಿ ಸೂಟಿಯೊಳಗ ಕಟ್ಟಿ ಮುಗಸ್ತೀವ್ರಿ.'

'ಚಲೋ ಆತು. ಬ್ಯಾಸಗಿಗೆ ಮತ್ತ ಬರ್ತೀನಿ, ಆವಾಗ ನೋಡ್ತೀನಿ' ಎಂದು ಸಾಹೇಬರು ಜೀಪು ಹತ್ತಿದರು.

ಅವತ್ತು ಸಂಜೆ ಸರ್ ಗಾಡಿ ತಪ್ಪಿಸಿಕೊಂಡು ನಮ್ಮ ಮನೆಗೆ ಬಂದರು. ಅಜ್ಜಿ ಚಹಾ ಕೊಟ್ಟಳು. ಅವ್ವನಿಗೆ ಹೇಳಿ ಕಳಿಸಲು ಮಾಮಾನಿಗೆ ಹೇಳಿದ್ದು ಇಷ್ಟೇ: 'ಸೂಟಿ ಮುಗದ ಮ್ಯಾಲ ಒಂದ ದಿನ ಸಾಲಿಗೆ ಕಳಸ್ರಿ. ಅವತ್ತು ಯಾರರೆ ಇಕಿನ್ನ ಎತ್ತೂ ಪ್ರಸಂಗ ಬಂದ್ರ, ನೀವು ಹೇಳಿದಂಗ ಆಗಲಿ.'

ಇಳಿಜಾರು ಎದ್ದಿತು, ಆದರೆ ಅಡ್ಡಾದಿಡ್ಡಿಯಾಗಿ ಎದ್ದಿತು. ಗೌಂಡಿ ಬೆಳಗಾವಿಯ ಮನೆಗಳ ಮುಂದೆ ಸ್ಕೂಟರ್ ಹತ್ತಿಸಲು ಕಟ್ಟುವ ಹಾಗೆ ಗಿಡ್ಡದಾಗಿ, ಕಡಿದಾಗಿ ಕಟ್ಟಿಬಿಟ್ಟಿದ್ದ. ಸರ್ ನನ್ನ ಗಾಲಿಕುರ್ಚಿ ತರಿಸಿ, 'ನಾ ಮೊದಲ ಏರತೀನಿ' ಎಂದು ತಾವೇ ಕೂತರು. ಅರ್ಧ ಏರಿದ್ದೂ ಏರಿದ್ದೇ, ಹಿಂದಕ್ಕೆ ಉರುಳಿ ಮರಳಿನ ಗುಡ್ಡೆಗೆ ಹೋಗಿ ಬಿದ್ದರು. ಕುಂಚ ಒಂದು ಕಡೆ, ಬೀಡಿ ಒಂದು ಕಡೆ. ಮಾಮಾ ಓಡಿ ಹೋಗಿ ಎತ್ತಿದ. ಸರ್ ಎದ್ದು ನಿಂತು ಮರಳು ಕೊಡವಿಕೊಂಡರು. ಆಮೇಲೆ ಮಾಮಾನಿಗೆ, 'ಎತ್ತಿಸ್ಕೊಂಡ್ರ ಹಿಂಗ ಅನಸ್ತದೇನಪಾ' ಎಂದರಂತೆ. ಗೌಂಡಿ ಇಳಿಜಾರನ್ನು ಮತ್ತೆ ಉದ್ದಕ್ಕೆ ಎಳೆದು ಕಟ್ಟಿದ.

ಸೂಟಿ ಮುಗಿದ ಮೊದಲ ದಿನ ಅವ್ವನೂ ಬಂದಿದ್ದಳು, ನೋಡಿಯೇ ತೀರುತ್ತೇನೆಂದು. ಅಂಗಳಕ್ಕೆ ಹೋದರೆ ನನಗಿಂತ ಮೊದಲು ಇಳಿಜಾರು ಏರಿ ವರಾಂಡದಲ್ಲಿ ನೆರಳಿಗೆ ನಿಂತಿತ್ತು ಹೆಡ್‌ಮಾಸ್ತರರ ಸ್ಕೂಟರ್. ಅದರ ಹಿಂದೆ ಇಳಿಜಾರಿನ ಮೇಲೆಯೇ ಇನ್ನೊಬ್ಬ ಮಾಸ್ತರರ ಲೂನಾ. ನಮ್ಮ ಜನಕ್ಕೆ ಇಳಿಜಾರು ಕಂಡರೆ ಗಾಡಿಯೇ ನೆನಪಾಗುತ್ತದೆ, ಏನು ಮಾಡುವುದು? ಅವ್ವ ನನ್ನ ಮುಖ ನೋಡಿದಳು. ಮಾಮಾ ಅಂಗಿಯ ತೋಳು ಮಡಚಲು ಶುರು ಮಾಡಿದ.

ಸರ್ ಬಣ್ಣದ ಡಬ್ಬಿ ಹಿಡಿದು ಬಂದರು. ಲೂನಾ ಇಳಿಸಿದರು, ಸ್ಕೂಟರ್ ಇಳಿಸಿದರು. ಇಳಿಜಾರಿನ ಬುಡದಲ್ಲಿ ಮೊಣಕಾಲೂರಿ ಕೂತು, ನೆಲದ ಮೇಲೆ ಅಡ್ಡಲಾಗಿ ಅದೇ ಕುರ್ಚಿಯ ಮನುಷ್ಯನನ್ನು ಆಳುದ್ದ ಬರೆದರು. ಹಣೆ ಇರುವ ಜಾಗದಲ್ಲಿ ಮೂರು ಬೆರಳು ಅದ್ದಿ ವಿಭೂತಿಯ ಗೆರೆಯನ್ನೂ ಎಳೆದರು. ನಮ್ಮ ಕಡೆ ರಂಗೋಲಿ ತುಳಿಯದೆ ದಾಟುವವರು, ಬರೆದ ಮನುಷ್ಯನ ಮೇಲೆ, ಅದೂ ವಿಭೂತಿ ಹಚ್ಚಿಕೊಂಡವನ ಮೇಲೆ, ಸ್ಕೂಟರ್ ಹಾಯಿಸುತ್ತಾರೆಯೇ? ಹೆಡ್‌ಮಾಸ್ತರರು ಮಡಿವಂತರು. ಬಂದು ನೋಡಿದರು, 'ಅಯ್ಯ ಶಿವನ' ಎಂದರು, ಸ್ಕೂಟರನ್ನು ಮಾವಿನ ಮರದ ಕೆಳಗೆ ಒಯ್ದು ನಿಲ್ಲಿಸಿದರು. ಅದು ಕೊನೆಯವರೆಗೂ ಅಲ್ಲೇ ನಿಂತಿತು.

ಬಣ್ಣ ಒಣಗಲು ಮಧ್ಯಾಹ್ನವಾಯಿತು. ಅವ್ವ ಮರದ ಕೆಳಗೆ ಕೂತೇ ಇದ್ದಳು. ಹತ್ತಿರ ಹೋದರೆ ನನಗೂ ಅನುಮಾನ. 'ಸರ್, ನಾ ಹೆಂಗ ದಾಟಲಿ ಅದರ ಮ್ಯಾಲ?'

'ನೀ ಹಾಯ್ಸು. ನಿನ್ನ ಗಾಲಿ ಹಾದ್ರ ಅದಕ್ಕ ಪೂಜಿ ಆದಂಗ.'

ಹಾಯಿಸಿದೆ. ಅಂಗೈ ಉರಿಯುತ್ತಿತ್ತು. ಹಿಂದೆ ಮಾಮಾ ಕೈ ಚಾಚಿ ಬರುತ್ತಿದ್ದ, ಸರ್ ಅವನ ಕೈ ಮೇಲೆ ಹೊಡೆದು ಸರಿಸಿದರು. ವರಾಂಡದ ಸಪಾಟು ನೆಲಕ್ಕೆ ಗಾಲಿ ಮುಟ್ಟಿದಾಗ ನಾನು ನಗಲಿಲ್ಲ, ಅಳಲಿಲ್ಲ. ಗೆಳತಿಯ ಕೈಯಿಂದ ನೀರಿನ ಬಾಟಲಿ ಕಸಿದುಕೊಂಡು ಖಾಲಿ ಆಗುವವರೆಗೂ ಕುಡಿದೆ. ಬೇಕೆಂದಾಗ ಇಳಿದು ಹಿತ್ತಲಿಗೆ ಹೋಗಬಹುದಲ್ಲ! ಕೆಳಗೆ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಪಾರಿಶ್ವಾಡದ ಬಸ್ಸಿಗೆ ನಡೆದಳು. ಮಾಮಾನ ಮದುವೆಯೂ ಆ ಬೇಸಿಗೆಯಲ್ಲೇ ಆಯಿತು. ಸಾಹೇಬರು ಮತ್ತೆ ಬಂದಾಗ ಹೆಡ್‌ಮಾಸ್ತರರು ಇಳಿಜಾರನ್ನು ತಮ್ಮದೇ ವಿಚಾರ ಎಂಬಂತೆ ತೋರಿಸಿದರು. ಸರ್ ಪಕ್ಕದಲ್ಲಿ ನಿಂತು ತಲೆ ಆಡಿಸಿದರು.

ಹತ್ತನೆಯ ಕ್ಲಾಸು ಪಾಸಾದಾಗ ಮಾಮಾನ ಟೆಂಪೊದಲ್ಲಿ ಪೇಢೆ ತೆಗೆದುಕೊಂಡು ಶಹಾಪುರಕ್ಕೆ ಹೋದೆ. ಓಣಿಯ ಹಳೆಯ ಮನೆ, ಬಾಗಿಲಿಗೆ ಎತ್ತರದ ಮೆಟ್ಟಿಲು. ಸರ್ ಹೊರಗೆ ಬಂದವರು ಮೆಟ್ಟಿಲು ನೋಡಿ ಕಕ್ಕಾಬಿಕ್ಕಿಯಾದರು. ತಮ್ಮ ಮನೆಗೇ ಮೆಟ್ಟಿಲಿದೆ ಎಂದು ಅವರಿಗೆ ಅವತ್ತೇ ಗೊತ್ತಾದ ಹಾಗೆ. ಮಾಮಾ ಎತ್ತಲು ಬಂದ. 'ಬ್ಯಾಡ' ಎಂದು ಇಬ್ಬರೂ ಒಟ್ಟಿಗೇ ಅಂದೆವು. ಅವರು ಕುರ್ಚಿಯನ್ನು ಓಣಿಗೇ ತಂದು ನನ್ನ ಎದುರು ಕೂತರು. ಅವರ ಮನೆಯವರು ಉಪ್ಪಿಟ್ಟು, ಚಹಾ ಹೊರಗೇ ತಂದರು. ಸೈಕಲ್ಲಿನವರು ಗಂಟೆ ಬಾರಿಸಿ ನಮ್ಮನ್ನು ಬಳಸಿಕೊಂಡು ಹೋದರು. ಸರ್ ಮಾತ್ರ ಪೇಢೆ ತಿನ್ನುವಾಗಲೂ ಮೆಟ್ಟಿಲನ್ನೇ ದುರುಗುಟ್ಟಿ ನೋಡುತ್ತಿದ್ದರು.

ಆಮೇಲೆ ನಾನು ಕಾಲೇಜು ಮುಗಿಸಿದೆ, ಖಾನಾಪುರದಲ್ಲೇ ಕೆಲಸಕ್ಕೆ ಸೇರಿದೆ. ಸರ್ ನಿವೃತ್ತರಾದರು. ಖಾನಾಪುರಕ್ಕೆ ಬಂದಾಗಲೆಲ್ಲ ನನ್ನ ಆಫೀಸಿಗೆ ಬಂದು, ಬಾಗಿಲ ಇಳಿಜಾರನ್ನು ಚಪ್ಪಲಿಯಿಂದ ಕುಟ್ಟಿ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಒಂದು ಮುಂಜಾನೆ ಅವರ ಮಗ ಫೋನು ಮಾಡಿದ. ಪೂಜೆಗೆ ಕೂತವರು ಏಳಲಿಲ್ಲವಂತೆ.

ದಾರಿಯುದ್ದಕ್ಕೂ ನನಗೆ ಎರಡು ದುಃಖ. ಒಂದು ಸರ್ ಹೋದದ್ದು. ಇನ್ನೊಂದು ಹೇಳಲು ಸಣ್ಣದು: ಆ ಮೆಟ್ಟಿಲು. ಎತ್ತಿಸಿಕೊಳ್ಳದೆ ಮುಖ ನೋಡಲಾಗುವುದಿಲ್ಲ, ಎತ್ತಿಸಿಕೊಂಡರೆ ಅವರ ಮುಖ ನೋಡುವುದು ಹೇಗೆ? ಓಣಿಯಲ್ಲಿ ಜನ ಕಿಕ್ಕಿರಿದಿದ್ದರು. ನನ್ನನ್ನು ಕಂಡು ಯಾರೋ 'ಎತ್ರಿ, ಇಕಿನ್ನ ಎತ್ರಿ, ಒಳಗ ಒಯ್ರಿ' ಎಂದರು. ತಲೆ ನರೆತ ಮಾಮಾ ಮತ್ತೆ ತೋಳು ಮಡಚಿದ. ಆಗ ಸರ್ ಅವರ ಮಗ ಜನರನ್ನು ಸರಿಸಿಕೊಂಡು ಬಂದ.

'ಯಾರೂ ಎತ್ತಬ್ಯಾಡ್ರಿ' ಎಂದ. 'ಅಕ್ಕಾ, ಈ ಕಡೆ ಬರ್ರಿ.'

ಬಾಗಿಲಿಗೆ ಮೆಟ್ಟಿಲಿರಲಿಲ್ಲ. ಉದ್ದಕ್ಕೆ ಎಳೆದ ಹೊಸ ಇಳಿಜಾರು, ಸಿಮೆಂಟು ಇನ್ನೂ ಬೂದಿ ಬಣ್ಣದ್ದು. 'ಹೋದ ತಿಂಗಳ ಮಾಡ್ಸ್ಯಾರ. ಬೋರ್ಡ್ ಬರದು ಮುಗದ ಮ್ಯಾಲ ನಿಮ್ಮನ್ನ ಕರೀತೀನಿ ಅಂದಿದ್ರು. ಮೊನ್ನೆ ಬರದು ಮುಗಿಸಿದ್ರು' ಎಂದು ಅವನು ಬಾಗಿಲ ಬಾಜುವಿನ ಗೋಡೆ ತೋರಿಸಿದ. ಅಂಗೈ ಅಗಲದ ನೀಲಿ ಚೌಕ. ಅದರಲ್ಲಿ ಗಾಲಿಕುರ್ಚಿ, ಕುರ್ಚಿಯಲ್ಲಿ ಹುಡುಗಿ. ಎರಡು ಜಡೆ, ಕೆಂಪು ರಿಬ್ಬನ್. ಶಾಲೆಯದು ಎಲ್ಲರ ಬೋರ್ಡು. ಇದು ಅವರ ಸ್ವಂತ ಮನೆಯ ಗೋಡೆ, ಹೇಗೆ ಬೇಕೋ ಹಾಗೆ ಬರೆದುಕೊಂಡಿದ್ದರು. ಈ ಸಲ ನಾನು ಅಳಿಸಿ ಎನ್ನಲಿಲ್ಲ.

ನಾನೇ ಏರಿ ಒಳಗೆ ಹೋದೆ. ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೂತ ಹಾಗೆಯೇ ಹೊತ್ತು ಒಯ್ಯುತ್ತಾರೆ. ಸರ್ ಪಡಸಾಲೆಯ ಗೋಡೆಗೆ ಕುರ್ಚಿಯ ಮೇಲೆ ಕೂತಿದ್ದರು. ಬಲಗಿವಿಯ ಹಿಂದೆ ಅವರ ಹೆಂಡತಿ ಕುಂಚ ಸಿಕ್ಕಿಸಿದ್ದರು. ಎಡಗಿವಿ ಖಾಲಿ. ನಾನು ಅತ್ತ ನೋಡಿದ್ದು ಅವರಿಗೆ ಗೊತ್ತಾಯಿತು. 'ಬೀಡಿ ಮಾತ್ರ ಕೊಡಂಗಿಲ್ಲ ನಾ' ಎಂದು ಅಳುತ್ತಲೇ ಅಂದರು. ಅಷ್ಟು ವರ್ಷ ತಲೆಯೆತ್ತಿ ನೋಡಿದ ಮುಖ ಅವತ್ತು ನನ್ನ ಮುಖದ ಎತ್ತರಕ್ಕೇ ಇತ್ತು. ಅವರೂ ಕೂತಿದ್ದರು, ನಾನೂ ಕೂತಿದ್ದೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದೆ.

ಮಧ್ಯಾಹ್ನ ಜಂಗಮರು ಬಂದರು, ಪೂಜೆಯಾಯಿತು. ಆ ಮನೆಯಲ್ಲಿ ಅವತ್ತು ಎತ್ತಬೇಕಾದವರು ಒಬ್ಬರೇ ಇದ್ದರು. ಅವರನ್ನು ಎತ್ತಿದರು. ಮಾಮಾನೂ ಹೆಗಲು ಕೊಟ್ಟ. ನಾನು ಗಾಲಿ ತಿರುಗಿಸಿ ಇಳಿಜಾರು ಇಳಿದು, ಓಣಿಯ ಕೊನೆಯವರೆಗೂ ಅವರ ಹಿಂದೆ ಹೋದೆ.